ಹಬ್ಬದ ಹೊಳಪು, ಬಣ್ಣದ ಆಯಸ್ಸು

ಆಯುಧಪೂಜೆಗೆ ಇನ್ನೊಂದು ವಾರ ಇದೆ ಎನ್ನುವಾಗ ಮೈಸೂರಿನ ನಮ್ಮ ಬನ್ನಿಮಂಟಪದ ಗ್ಯಾರೇಜುಗಳಲ್ಲಿ ಕಿವಿಗೆ ಬೀಳುವ ಮಾತು ಒಂದೇ: “ಒಂದು ರಬ್ಬಿಂಗ್ ಹಾಕ್ಬಿಡಿ, ಹಬ್ಬ ಬಂತು.” ವರ್ಷವಿಡೀ ಬಿಸಿಲು, ಧೂಳು, ಕಾಗೆಯ ಹಿಕ್ಕೆ ಎಲ್ಲವನ್ನೂ ಮೈಮೇಲೆ ಹಾಕಿಕೊಂಡು ನಿಂತಿದ್ದ ಕಾರು ಮಹಾನವಮಿಯ ದಿನ ದೇವರಾಗಬೇಕು. ಬಾನೆಟ್ಟಿನಲ್ಲಿ ಮುಖ ಕಾಣಬೇಕು. ಮಾರನೆಯ ದಿನ ದಸರಾ ಜಂಬೂಸವಾರಿಯಲ್ಲಿ ಚಿನ್ನದ ಅಂಬಾರಿ ಹೊತ್ತ ಆನೆ ಅರಮನೆಯಿಂದ ಹೊರಟು, ಸಯ್ಯಾಜಿರಾವ್ ರಸ್ತೆ, ಬಂಬೂಬಜಾರ್, ಹೈವೇ ವೃತ್ತ ದಾಟಿ, ಸುಮಾರು 5 ಕಿಲೋಮೀಟರ್ ನಡೆದು ಬನ್ನಿಮಂಟಪಕ್ಕೆ ಬರುತ್ತದೆ. ಊರಿಗೆ ಊರೇ ಮಿರುಗುತ್ತಿರುವಾಗ ನಮ್ಮ ಗಾಡಿಯೊಂದೇ ಮಂಕಾಗಿ ನಿಂತರೆ ಯಾರಿಗೆ ತಾನೆ ಸಮಾಧಾನ?

ಆಸೆ ತಪ್ಪಲ್ಲ. ಆದರೆ ಅದಕ್ಕಾಗಿ ವರ್ಷವರ್ಷವೂ ರಬ್ಬಿಂಗ್ ಹಾಕಿಸುವುದು ಮಾತ್ರ ತಪ್ಪು ಎಂಬುದೇ ನನ್ನ ಇಂದಿನ ಮಾತಿನ ತಿರುಳು. ಹಬ್ಬದ ಹೊಳಪಿಗೆ ಗ್ಲೇಜ್ ಎಂಬ ಇನ್ನೊಂದು ಪದಾರ್ಥವಿದೆ. ಬಣ್ಣದ ಅಂಗಡಿಗಳಲ್ಲೂ ಕಾರಿನ ಸಾಮಾನು ಮಾರುವ ಕಡೆಯಲ್ಲೂ ಸಿಗುತ್ತದೆ. ಅದೇನು, ಅದನ್ನು ಹೇಗೆ ಆರಿಸಬೇಕು, ಹೇಗೆ ಹಚ್ಚಬೇಕು, ಅದರಿಂದ ಏನನ್ನು ನಿರೀಕ್ಷಿಸಬಾರದು ಎನ್ನುವುದನ್ನು ನೋಡೋಣ.

ಮೊದಲು ಬಣ್ಣದ ವಿಷಯ. ಈಗಿನ ಕಾರಿನ ಮೈಮೇಲಿರುವುದು ಒಂದೇ ಬಣ್ಣವಲ್ಲ, ಹಲವು ಪದರ. ಎಲ್ಲಕ್ಕಿಂತ ಕೆಳಗೆ ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಅದರ ಮೇಲೆ ನಾವು ಕೆಂಪು, ಬಿಳಿ, ಬೂದು ಎಂದು ಹೆಸರಿಸುವ ಬಣ್ಣ, ಕೊನೆಗೆ ಬಣ್ಣವೇ ಇಲ್ಲದ, ಗಾಜಿನಂಥ ಪದರ. ಈ ಕೊನೆಯದಕ್ಕೆ ಗ್ಯಾರೇಜಿನಲ್ಲಿ ಕ್ಲಿಯರ್ ಕೋಟ್ ಎನ್ನುತ್ತಾರೆ. ಇಷ್ಟೂ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ. ಕ್ಲಿಯರ್ ಕೋಟ್ ಒಂದೇ ಲೆಕ್ಕ ಹಾಕಿದರೆ 35ರಿಂದ 50 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ನಮ್ಮ ತಲೆಗೂದಲು ಹೆಚ್ಚುಕಡಿಮೆ 70 ಮೈಕ್ರಾನ್ ದಪ್ಪವಿರುತ್ತದೆ. ಅಂದರೆ ಬಿಸಿಲಿಗೆ, ಮಳೆಗೆ, ಹಕ್ಕಿಯ ಹಿಕ್ಕೆಗೆ ಎದುರಾಗಿ ನಿಂತಿರುವ ಕಾವಲು ಪದರ ಒಂದು ಕೂದಲಿನಷ್ಟೂ ದಪ್ಪವಿಲ್ಲ.

ರಬ್ಬಿಂಗ್ ಎಂದರೆ ಈ ಪದರವನ್ನು ಸವೆಸುವುದು. ಅದಕ್ಕೆ ಬಳಸುವ ಕಾಂಪೌಂಡಿನಲ್ಲಿರುವುದು ಸಣ್ಣ ಸಣ್ಣ ಗಟ್ಟಿ ಕಣ. ಗೀರು ಎಷ್ಟು ಆಳವಿದೆಯೋ ಅಷ್ಟು ಆಳಕ್ಕೆ ಸುತ್ತಲಿನ ಜಾಗವನ್ನೂ ತೆಗೆದು ಮಟ್ಟ ಮಾಡಿದರೆ ಗೀರು ಮಾಯ. ಒತ್ತಿ ಉಜ್ಜುವ ಕೆಲಸಗಾರ, ವೇಗವಾಗಿ ತಿರುಗುವ ಮಿಷನ್, ಒರಟು ಕಾಂಪೌಂಡ್ ಈ ಮೂರೂ ಸೇರಿದರೆ ಒಂದೇ ಸಲಕ್ಕೆ ಮೂರು ನಾಲ್ಕು ಮೈಕ್ರಾನ್ ಹೋಗಬಹುದು. ಬಾನೆಟ್ಟಿನ ಅಂಚು, ಬಾಗಿಲಿನ ಮಡಿಕೆ ಇಂಥ ಕಡೆ ಇನ್ನೂ ಹೆಚ್ಚು. ಅಲ್ಲಿ ಪದರ ಮೊದಲೇ ತೆಳು, ಮಿಷನ್ನಿನ ಒತ್ತಡವೆಲ್ಲ ಆ ಏಣಿನ ಮೇಲೇ ಬೀಳುತ್ತದೆ. ಬಿಸಿಲಿನ ಅತಿನೇರಳೆ ಕಿರಣವನ್ನು ತಡೆಯುವ ರಾಸಾಯನಿಕಗಳು ಇರುವುದೂ ಈ ಕ್ಲಿಯರ್ ಕೋಟಿನಲ್ಲೇ. ಪ್ರತಿ ದಸರಾಕ್ಕೂ ಅದನ್ನೇ ಉಜ್ಜಿ ತೆಗೆಯುತ್ತಾ ಬಂದರೆ ಕೆಲವು ವರ್ಷಗಳಲ್ಲಿ ಏನಾಗುತ್ತದೆ ಎಂಬುದನ್ನು ನೀವು ರಸ್ತೆಯಲ್ಲಿ ನೋಡಿಯೇ ಇರುತ್ತೀರಿ. ಕಾರಿನ ಮಾಡಿನ ಮೇಲೆ, ಬಾನೆಟ್ಟಿನ ನಡುವೆ ಬಿಳಿಯ ತೇಪೆ, ಅಂಚಿನಲ್ಲಿ ಸಿಪ್ಪೆ ಎದ್ದ ಪದರ. ಅಲ್ಲಿಗೆ ಬಂದ ಮೇಲೆ ಯಾವ ಪಾಲಿಶ್ ಹಾಕಿದರೂ ಉಪಯೋಗವಿಲ್ಲ, ಪೇಂಟ್ ಮಾಡಿಸಲೇಬೇಕು. ಖರ್ಚು ಎಷ್ಟೆಂದು ಟಿಂಕರಿಂಗ್ ಅಂಗಡಿಯವರನ್ನೇ ಕೇಳಿ.

ರಬ್ಬಿಂಗ್ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಗೀರು ನಿಜವಾಗಿ ಹೋಗಬೇಕಾದರೆ ಬೇರೆ ದಾರಿಯಿಲ್ಲ. ಆದರೆ ಅದು ಕಾರಿನ ಆಯುಷ್ಯದಲ್ಲಿ ಒಂದೆರಡು ಸಲ, ಅಳತೆ ನೋಡಿ, ಕೈ ಪಳಗಿದವರಿಂದ ಮಾಡಿಸುವ ಕೆಲಸ. ಹಬ್ಬಕ್ಕೊಮ್ಮೆ ಮಾಡಿಸುವ ಕೆಲಸವಲ್ಲ.

ಹಾಗಾದರೆ ಹೊಳಪು ಎಲ್ಲಿಂದ ಬರುತ್ತದೆ? ಉತ್ತರ ತಿಳಿಯಲು ದೂರ ಹೋಗಬೇಕಾಗಿಲ್ಲ. ಬನ್ನಿಮಂಟಪದಲ್ಲೇ ಒಂದು ಬಣ್ಣದ ಕಾರ್ಖಾನೆಯಿದೆ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಶುರುವಾದದ್ದು, 1947ರಲ್ಲಿ ಸರ್ಕಾರಿ ಉದ್ಯಮವಾಯಿತು, 1989ರಲ್ಲಿ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂಬ ಈಗಿನ ಹೆಸರು ಪಡೆಯಿತು. ಲೋಕಕ್ಕೆಲ್ಲ ಅದು ಗೊತ್ತಿರುವುದು ಮತದಾನದ ಶಾಯಿಯಿಂದ. 1962ರ ಮಹಾಚುನಾವಣೆಯಿಂದ ಈಚೆಗೆ ನಮ್ಮೆಲ್ಲರ ಬೆರಳಿಗೆ ಬಿದ್ದಿರುವ ಕಪ್ಪು ಗೆರೆ ಅಲ್ಲಿಯದೇ. ಅದರಲ್ಲಿ ಸಿಲ್ವರ್ ನೈಟ್ರೇಟ್ ಇದೆ. ಚರ್ಮದ ಉಪ್ಪಿನ ಜೊತೆ ಸೇರಿ, ಬೆಳಕು ತಾಗಿ ಕಪ್ಪಾಗಿ ಕೂತುಬಿಡುತ್ತದೆ. ಸೋಪಿಗೂ ಹೋಗದು, ಎಣ್ಣೆಗೂ ಹೋಗದು, ಉಗುರು ಬೆಳೆದು ಕತ್ತರಿಸಿದಾಗಲೇ ಹೋಗುವುದು. ನಾನಿವತ್ತು ಹೇಳಹೊರಟಿರುವ ಗ್ಲೇಜ್ ಇದಕ್ಕೆ ತದ್ವಿರುದ್ಧ: ನಾಲ್ಕಾರು ಸಲ ತೊಳೆದರೆ ಹೋಗಿಬಿಡುವಂಥದ್ದು. ಅಂಟಿಕೊಂಡೇ ಇರುವುದು ಶಾಯಿಗೆ ಭೂಷಣ, ಸದ್ದಿಲ್ಲದೆ ಬಿಟ್ಟುಹೋಗುವುದು ಗ್ಲೇಜಿಗೆ ಭೂಷಣ.

ಆದರೆ ಕಾರ್ಖಾನೆಯ ಹಳೆಯ ಹೆಸರಿನಲ್ಲಿದ್ದ ಅರಗನ್ನು ಮರೆಯಬಾರದು. ಮರದ ಕೊಂಬೆಗಳ ಮೇಲೆ ಅರಗಿನ ಹುಳು ಕಟ್ಟುವ ಅಂಟೇ ಅರಗು. ಅದನ್ನು ಶುದ್ಧಮಾಡಿ ತೆಳು ಚಕ್ಕೆಯಾಗಿಸಿ ಸ್ಪಿರಿಟ್ಟಿನಲ್ಲಿ ಕರಗಿಸಿದರೆ ಮರಕ್ಕೆ ಹಚ್ಚುವ ಪಾಲಿಶ್. ಸ್ಪಿರಿಟ್ ಆರಿಹೋಗುತ್ತದೆ, ಅರಗು ಉಳಿಯುತ್ತದೆ. ಬೆಂಗಳೂರು ಮೈಸೂರು ದಾರಿಯಲ್ಲಿರುವ ಚನ್ನಪಟ್ಟಣದಲ್ಲಿ ನಿಂತು ಬೊಂಬೆ ಮಾಡುವುದನ್ನು ನೋಡಿದವರಿಗೆ ಇದು ಇನ್ನೂ ಚೆನ್ನಾಗಿ ಗೊತ್ತು. ಹಾಲೆ ಮರದ ತುಂಡು ಚರಕಿಯಲ್ಲಿ ತಿರುಗುತ್ತಿರುತ್ತದೆ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತುತ್ತಾರೆ. ತಿಕ್ಕಾಟದ ಕಾವಿಗೇ ಅರಗು ಕರಗಿ ಮರದ ಮೈಗೆ ಹತ್ತುತ್ತದೆ. ಹತ್ತಿದ್ದು ಮೊದಲಿಗೆ ಏರುಪೇರು, ಮಂಕು ಮಂಕು. ಆಮೇಲೆ ಒಣ ಗರಿಯೊಂದನ್ನು ಮಡಿಸಿ ಒತ್ತಿ ಹಿಡಿಯುತ್ತಾರೆ. ಕಣ್ಣೆದುರೇ ಆ ಮಂಕು ಕರಗಿ, ಬೊಂಬೆಯ ಹೊಟ್ಟೆಯ ಮೇಲೆ ಕಿಟಕಿಯ ಬೆಳಕು ಚೌಕವಾಗಿ ಮೂಡುತ್ತದೆ. ಗರಿಯಲ್ಲಿ ಹೊಳಪು ತುಂಬಿಕೊಡುವ ಮದ್ದೇನೂ ಇಲ್ಲ. ಅದು ಉಬ್ಬುತಗ್ಗನ್ನು ಸಮಮಾಡಿತು, ಅಷ್ಟೇ. ಮೈ ಸಮವಾದರೆ ಬೆಳಕು ಒಂದೇ ದಿಕ್ಕಿಗೆ ಮರಳುತ್ತದೆ, ಅದನ್ನೇ ನಾವು ಹೊಳಪು ಎನ್ನುತ್ತೇವೆ. ಮೈ ಗೀರುಗೀರಾದರೆ ಬೆಳಕು ಚದುರುತ್ತದೆ, ಅದನ್ನೇ ಮಂಕು ಎನ್ನುತ್ತೇವೆ.

ಕಾರಿನ ಚರಿತ್ರೆಯಲ್ಲೂ ಇದೇ ಕಥೆ. ಮೊದಮೊದಲ ಕಾರುಗಳಿಗೆ ಬಣ್ಣ ಹಚ್ಚುತ್ತಿದ್ದವರು ಸಾರೋಟಿನ ಬಣ್ಣಗಾರರೇ. ಎಣ್ಣೆ ವಾರ್ನಿಷ್ ಒಂದೊಂದು ಪದರವೂ ಆರಬೇಕು, ಉಜ್ಜಬೇಕು, ಮತ್ತೆ ಹಚ್ಚಬೇಕು. ಒಂದು ಗಾಡಿ ಮುಗಿಯಲು ವಾರಗಟ್ಟಲೆ ಬೇಕಾಗುತ್ತಿತ್ತು. 1923ರ ಹೊತ್ತಿಗೆ ಅಮೆರಿಕದ ಡ್ಯೂಪಾಂಟ್ ಕಂಪನಿ ಡ್ಯೂಕೋ ಎಂಬ ನೈಟ್ರೋಸೆಲ್ಯುಲೋಸ್ ಬಣ್ಣ ತಂದು ಆ ವಾರಗಳನ್ನು ಗಂಟೆಗಳಿಗಿಳಿಸಿತು. ನಮ್ಮ ಪೇಂಟರುಗಳ ಬಾಯಲ್ಲಿ ಆ ಹೆಸರು ಇಂದಿಗೂ ಇದೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾಲದ ಗಾಡಿಗಳಲ್ಲಿ ಕ್ಲಿಯರ್ ಕೋಟ್ ಎಂಬುದು ಬೇರೆ ಇರುತ್ತಿರಲಿಲ್ಲ. ಪಾಲಿಶ್ ಉಜ್ಜಿದರೆ ಕಾರಿನ ಬಣ್ಣವೇ ಬಟ್ಟೆಗೆ ಬರುತ್ತಿತ್ತು. ಇವತ್ತಿಗೂ ಅದೊಂದು ಪರೀಕ್ಷೆ: ಬಟ್ಟೆಗೆ ಬಣ್ಣ ಬಂದರೆ ಅದು ಹಳೆಯ ಕಾಲದ ಒಂಟಿ ಪದರ, ಬರದಿದ್ದರೆ ಮೇಲೆ ಕ್ಲಿಯರ್ ಕೋಟ್ ಇದೆ ಎಂದರ್ಥ. ಪಕ್ಕದ ಯಾದವಗಿರಿಯಲ್ಲಿ ತಯಾರಾಗಿ 1996ರಲ್ಲಿ ನಿಂತುಹೋದ ಜಾವಾ, ಯೆಜ್ಡಿ ಬೈಕುಗಳನ್ನು ಇಂದಿಗೂ ಮಗುವಿನಂತೆ ನೋಡಿಕೊಳ್ಳುವವರು ಮೈಸೂರಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಹಳೆಯ ಟ್ಯಾಂಕಿನ ಮೂಲ ಬಣ್ಣ ಉಳಿಸಿಕೊಳ್ಳಬೇಕೆನ್ನುವ ಅವರಿಗೆ ನಾನು ಹೇಳುವುದಿಷ್ಟೇ: ಕಾಂಪೌಂಡ್ ಮುಟ್ಟಬೇಡಿ, ಎಣ್ಣೆಯಂಶವಿರುವ ಗ್ಲೇಜ್ ಮುಟ್ಟಿ. ಒಣಗಿಹೋದ ಹಳೆಯ ಬಣ್ಣ ಆ ಎಣ್ಣೆಯನ್ನು ಕುಡಿದು ಮತ್ತೆ ಕಳೆಗಟ್ಟುವುದನ್ನು ನೋಡುವುದೇ ಒಂದು ಸಂತೋಷ.

ಗ್ಲೇಜ್ ಮಾಡುವ ಕೆಲಸವನ್ನು ಅರ್ಥಮಾಡಿಕೊಳ್ಳಲು ಒಂದು ಸಣ್ಣ ಪ್ರಯೋಗ. ನಿಮ್ಮ ಕಾರನ್ನು ಬಿಸಿಲಿಗೆ ನಿಲ್ಲಿಸಿ ಬಾನೆಟ್ಟಿನಲ್ಲಿ ಸೂರ್ಯನ ಪ್ರತಿಬಿಂಬ ನೋಡಿ. ಅದರ ಸುತ್ತ ಜೇಡರಬಲೆ ಕಟ್ಟಿದ ಹಾಗೆ ಸುರುಳಿ ಸುರುಳಿಯಾಗಿ ಗೆರೆ ಕಾಣುತ್ತದೆ. ಯಾರೋ ದುಂಡಗೆ ಉಜ್ಜಿದ್ದರಿಂದ ಹೀಗಾಗಿದೆ ಎಂದುಕೊಳ್ಳುತ್ತೇವೆ. ಹಾಗಲ್ಲ. ಗೀರುಗಳು ಎಲ್ಲ ದಿಕ್ಕಿಗೂ ಇರುತ್ತವೆ. ಬೆಳಕಿನ ಬಿಂಬಕ್ಕೆ ಅಡ್ಡಲಾಗಿ ಬಿದ್ದಿರುವವು ಮಾತ್ರ ಮಿಂಚುತ್ತವೆ, ಅದರಿಂದ ಸುರುಳಿಯಂತೆ ಕಾಣುತ್ತದೆ. ನೀವು ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಸುರುಳಿಯೂ ಬಿಂಬದ ಜೊತೆ ಸರಿಯುತ್ತದೆ. ಈಗ ಒಂದು ಚೊಂಬು ನೀರು ಸುರಿಯಿರಿ. ನೀರು ಇರುವಷ್ಟು ಹೊತ್ತು ಸುರುಳಿ ಮಾಯ! ನೀರು ಆರಿತು, ಸುರುಳಿ ಬಂತು. ಗೀರಿನ ಹಳ್ಳದಲ್ಲಿ ಗಾಳಿ ಇದ್ದಾಗ ಬೆಳಕು ಅಲ್ಲಿ ಚದುರುತ್ತದೆ. ಗಾಳಿಯ ಜಾಗದಲ್ಲಿ ನೀರು ತುಂಬಿದರೆ, ನೀರು ಬೆಳಕನ್ನು ಬಾಗಿಸುವ ಪ್ರಮಾಣ ಕ್ಲಿಯರ್ ಕೋಟಿಗೆ ಹತ್ತಿರ ಇರುವುದರಿಂದ, ಹಳ್ಳವಿದ್ದದ್ದೇ ಬೆಳಕಿಗೆ ಗೊತ್ತಾಗುವುದಿಲ್ಲ. ಲೆಕ್ಕದಲ್ಲಿ ಹೇಳುವುದಾದರೆ ಗಾಳಿ 1, ನೀರು 1.33, ಕ್ಲಿಯರ್ ಕೋಟ್ ಸುಮಾರು 1.5. ಎಣ್ಣೆಗಳು 1.47ರ ಆಸುಪಾಸು, ಅಂದರೆ ನೀರಿಗಿಂತ ಇನ್ನೂ ಹತ್ತಿರ. ಗ್ಲೇಜ್ ಎಂದರೆ ಇಷ್ಟೇ: ಬೇಗ ಆರಿಹೋಗದ ಎಣ್ಣೆಯ ಜೊತೆ, ಹಳ್ಳದಲ್ಲಿ ಕೂರುವಷ್ಟು ನುಣುಪಾದ ಜೇಡಿಯಂಥ ಪುಡಿ ಅಥವಾ ಪಾಲಿಮರ್. ಗೀರು ಅಲ್ಲೇ ಇರುತ್ತದೆ, ಕಾಣುವುದಿಲ್ಲ. ಬಣ್ಣದಿಂದ ಒಂದು ಮೈಕ್ರಾನೂ ಕಳೆಯುವುದಿಲ್ಲ.

ಇದನ್ನು ಕೇಳಿ ಕೆಲವರು ಮೂಗು ಮುರಿಯುತ್ತಾರೆ. “ಇದು ಮೋಸ ಅಲ್ವಾ ಸಾರ್?” ಎನ್ನುತ್ತಾರೆ. ನಿಮ್ಮ ಕಾರಿಗೆ ನೀವೇ ತಿಳಿದು ಹಚ್ಚಿದರೆ ಅದು ಅಲಂಕಾರ. ಮಾರುವವನು ಹಚ್ಚಿ ಹೇಳದೇ ಹೋದರೆ ಮೋಸ. ಹಳೆಯ ಕಾರು ಕೊಳ್ಳುವವರು ಇದನ್ನು ಗಮನಿಸಬೇಕು. ನೆರಳಿನಲ್ಲಿ ಕನ್ನಡಿಯ ಹಾಗೆ ಮಿರುಗುವ ಕಾರನ್ನು ಹೊರಗೆ ಬಿಸಿಲಿಗೆ ತರಿಸಿ. ಮಾಲೀಕರ ಒಪ್ಪಿಗೆ ಪಡೆದು, ಐಸೋಪ್ರೊಪೈಲ್ ಆಲ್ಕೋಹಾಲ್ ಬೆರೆಸಿದ ನೀರನ್ನು ಬಟ್ಟೆಗೆ ಹಾಕಿಕೊಂಡು ಬಾನೆಟ್ಟಿನ ಮೂಲೆಯಲ್ಲಿ ಅಂಗೈಯಗಲ ಒರೆಸಿ. ಗ್ಲೇಜ್ ಹೋಗಿ ನಿಜವಾದ ಮೈ ಕಾಣುತ್ತದೆ. ಒರೆಸಿದ ಜಾಗಕ್ಕೂ ಸುತ್ತಲ ಜಾಗಕ್ಕೂ ವ್ಯತ್ಯಾಸ ಎದ್ದು ಕಂಡರೆ ಬೆಲೆ ಮಾತಾಡುವಾಗ ನಿಮ್ಮ ಕೈ ಮೇಲಾಗುತ್ತದೆ. ಒಪ್ಪಿಗೆ ಕೊಡಲು ಮಾರುವವರು ಹಿಂದೆಮುಂದೆ ನೋಡಿದರೆ ಅದೂ ಒಂದು ಉತ್ತರವೇ.

ಸರಿ, ಅಂಗಡಿಗೆ ಹೋದಿರಿ. ಕಪಾಟಿನ ತುಂಬ ಬಾಟಲಿ. ಪಾಲಿಶ್, ವ್ಯಾಕ್ಸ್, ಗ್ಲೇಜ್, ಸೀಲೆಂಟ್, ಸಿರಾಮಿಕ್, ತ್ರೀ ಇನ್ ಒನ್ ಎಂದೆಲ್ಲ ಬರೆದಿರುತ್ತದೆ. ಎಲ್ಲದರ ಮೇಲೂ ಹೊಳೆಯುವ ಕೆಂಪು ಕಾರಿನ ಚಿತ್ರ. ಚಿತ್ರ ಬಿಡಿ, ಹಿಂಬದಿಯ ಸಣ್ಣ ಅಕ್ಷರ ಓದಿ. ಮೊದಲು ನೋಡಬೇಕಾದದ್ದು, ಅದರಲ್ಲಿ ಉಜ್ಜುವ ಕಣ ಇದೆಯೇ ಇಲ್ಲವೇ ಎಂಬುದು. ಕೆಲವು ಕಂಪನಿಗಳು ನಯವಾದ ಪಾಲಿಶ್ಶನ್ನೇ ಗ್ಲೇಜ್ ಎಂದು ಮಾರುತ್ತವೆ. ಅನುಮಾನ ಬಂದರೆ ಒಂದು ತೊಟ್ಟು ಎರಡು ಬೆರಳ ನಡುವೆ ಹಾಕಿ ಉಜ್ಜಿ ನೋಡಿ. ನಯವಾದ ಹಿಟ್ಟಿನ ಹಾಗಿದ್ದರೆ ಸರಿ, ಮರಳುಮರಳು ಎನಿಸಿದರೆ ಅದು ಕಾಂಪೌಂಡಿನ ತಮ್ಮ. ಅತಿ ಸಣ್ಣ ಕಣ ಬೆರಳಿಗೆ ಸಿಗದು, ಹಾಗಾಗಿ ಬೆರಳನ್ನಷ್ಟೇ ನಂಬದೆ ಬರಹವನ್ನೂ ಓದಿ.

ಎರಡನೆಯದು ಸಿಲಿಕೋನ್. ಸಿಲಿಕೋನ್ ಎಣ್ಣೆ ಹೊಳಪು ಚೆನ್ನಾಗಿ ಕೊಡುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮುಂದೆ ಬಾಗಿಲಿಗೋ ಫೆಂಡರಿಗೋ ಪೇಂಟ್ ಮಾಡಿಸಬೇಕಾಗಿ ಬಂದಾಗ ಅದರ ಅಂಶ ಉಳಿದಿದ್ದರೆ ಹೊಸ ಬಣ್ಣ ಅಲ್ಲಲ್ಲಿ ಮುದುಡಿ ಮೀನಿನ ಕಣ್ಣಿನಂಥ ಗುಳಿ ಬೀಳುತ್ತದೆ. ಪೇಂಟರುಗಳು ಸಿಲಿಕೋನ್ ಕಂಡರೆ ಸಿಡಿಮಿಡಿಗೊಳ್ಳುವುದು ಇದಕ್ಕೇ. ಹಾಗೆಂದೇ ಪೇಂಟಿಂಗ್ ಅಂಗಡಿಗಳಿಗೆಂದು ಸಿಲಿಕೋನ್ ಇಲ್ಲದ, ಮೇಣವೂ ಇಲ್ಲದ ಗ್ಲೇಜುಗಳು ಬಂದವು. ತ್ರೀಎಂ ಕಂಪನಿಯ ಹ್ಯಾಂಡ್ ಗ್ಲೇಜ್, ಮೆಗ್ವಾಯರ್ಸ್ ಕಂಪನಿಯ 7ನೇ ನಂಬರಿನ ಗ್ಲೇಜ್ ಈ ಜಾತಿಯ ಹಳೆಯ ಹೆಸರುಗಳು. ಈ ಎರಡನೆಯ ಕಂಪನಿ 1901ರಲ್ಲಿ ಶುರುವಾದದ್ದು ಮರದ ಪೀಠೋಪಕರಣಕ್ಕೆ ಪಾಲಿಶ್ ಮಾಡುವುದರಿಂದ. ಹೊಸದಾಗಿ ಪೇಂಟ್ ಮಾಡಿದ ಗಾಡಿಯ ವಿಷಯ ಇಲ್ಲಿ ಬಹಳ ಮುಖ್ಯ. ಕಾರ್ಖಾನೆಯಲ್ಲಿ ಬಣ್ಣವನ್ನು 130, 140 ಡಿಗ್ರಿ ಕಾವಿನಲ್ಲಿ ಬೇಯಿಸುತ್ತಾರೆ. ಗ್ಯಾರೇಜಿನ ಬೂತಿನಲ್ಲಿ ಸಿಗುವುದು 60 ಡಿಗ್ರಿಯ ಆಸುಪಾಸು, ಎಷ್ಟೋ ಕಡೆ ಅದೂ ಇಲ್ಲ, ಬಯಲಿನ ಗಾಳಿಯೇ ಗತಿ. ಅಂಥ ಬಣ್ಣದೊಳಗಿನ ತಿನ್ನರ್ ಪೂರ್ತಿ ಹೊರಹೋಗಲು ವಾರಗಳೇ ಬೇಕು. ಮೇಲೆ ಮೇಣ ಬಳಿದು ಬಾಯಿ ಕಟ್ಟಬಾರದು. ಹೊಸ ಪೇಂಟಿಗೆ ಆಗುತ್ತದೆ ಎಂದು ಬಾಟಲಿಯ ಮೇಲೆ ಬರೆದಿರುವ ಗ್ಲೇಜನ್ನು ಮಾತ್ರ ಹಚ್ಚಿ, ವ್ಯಾಕ್ಸ್ ಹಾಕಲು ಪೇಂಟರು ಹೇಳಿದಷ್ಟು ದಿನ ಕಾಯಿರಿ.

ಮೂರನೆಯದು ನಿಮ್ಮ ಕಾರಿನ ಬಣ್ಣ. ಕಪ್ಪು, ಕಡುನೀಲಿ, ಮರೂನ್ ಗಾಡಿಗೆ ಗ್ಲೇಜ್ ಹಚ್ಚಿದರೆ ಬಣ್ಣಕ್ಕೆ ಆಳ ಬಂದ ಹಾಗೆ ಕಾಣುತ್ತದೆ. ಗೀರಿನ ಬಿಳಿ ಬೆಳಕು ನಿಂತುಹೋದುದೇ ಕಾರಣ. ಬಿಳಿ, ಬೆಳ್ಳಿ ಬಣ್ಣದ ಗಾಡಿಯಲ್ಲಿ ಗೀರು ಕಾಣುವುದೇ ಕಡಿಮೆ, ಆದ್ದರಿಂದ ಗ್ಲೇಜಿನ ಫಲವೂ ಕಡಿಮೆ. ನಮ್ಮ ರಸ್ತೆಗಳಲ್ಲಿ ಬಿಳಿ ಕಾರೇ ಹೆಚ್ಚು. ಬಿಳಿ ಕಾರಿನವರಿಗೆ ನನ್ನ ಸಲಹೆ: ಗ್ಲೇಜಿನ ದುಡ್ಡು ಉಳಿಸಿ, ಒಳ್ಳೆಯ ಶಾಂಪೂ ಮತ್ತು ಎರಡು ಮೈಕ್ರೋಫೈಬರ್ ಬಟ್ಟೆ ಕೊಳ್ಳಿ. ಮ್ಯಾಟ್ ಬಣ್ಣದ ಗಾಡಿಗಂತೂ ಗ್ಲೇಜ್ ಮುಟ್ಟಿಸಲೇಬೇಡಿ, ಅದರ ಅಂದವಿರುವುದೇ ಹೊಳೆಯದಿರುವುದರಲ್ಲಿ.

ಇನ್ನೊಂದು ಮಾತು. ಗೀರಿನ ಮೇಲೆ ಉಗುರು ಎಳೆದು ನೋಡಿ. ಉಗುರು ಸಿಕ್ಕಿಕೊಂಡರೆ ಅದು ಆಳದ ಗೀರು, ಯಾವ ಗ್ಲೇಜೂ ಅದನ್ನು ಮುಚ್ಚದು.

ಹಚ್ಚುವ ಮೊದಲು ತೊಳೆಯಬೇಕು. ಗೀರುಗಳು ಹುಟ್ಟುವುದು ಮುಕ್ಕಾಲು ಪಾಲು ತೊಳೆಯುವಾಗ, ಒರೆಸುವಾಗಲೇ. ಬೆಳಿಗ್ಗೆ ಎದ್ದು ಹಳದಿ ಬಟ್ಟೆಯಲ್ಲಿ ಒಣ ಧೂಳು ಒರೆಸುವುದು ನಮ್ಮ ಊರಿನ ವಾಡಿಕೆ. ಧೂಳು ಎಂದರೆ ಮರಳಿನ ಕಣ. ಅದನ್ನು ಬಟ್ಟೆಯಲ್ಲಿ ಒತ್ತಿ ಎಳೆದರೆ ಅದೂ ಒಂದು ಬಗೆಯ ರಬ್ಬಿಂಗ್, ದುಡ್ಡಿಲ್ಲದ ರಬ್ಬಿಂಗ್. ಮೊದಲು ನೀರು ಸುರಿದು ಧೂಳನ್ನು ತಾನಾಗಿ ಇಳಿಯಲು ಬಿಡಿ. ಆಮೇಲೆ ಎರಡು ಬಕೆಟ್: ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಒಂದೊಂದು ಭಾಗ ತೊಳೆದ ಮೇಲೂ ಬಟ್ಟೆಯನ್ನು ಬರೀ ನೀರಿನಲ್ಲಿ ಜಾಲಾಡಿ, ಆಮೇಲೆ ಶಾಂಪೂಗೆ ಅದ್ದಿ. ಮೇಲಿಂದ ಕೆಳಕ್ಕೆ ಬನ್ನಿ. ಚಕ್ರದ ಹತ್ತಿರದ ಕೊಳೆ ಕೊನೆಗೆ. ಬಟ್ಟೆ ಒಗೆಯುವ ಪುಡಿ ಬೇಡ. ಹೊಳಪಿಗೆಂದು ಸೀಮೆಎಣ್ಣೆ, ಡೀಸೆಲ್ ಒರೆಸುವ ಹಳೆಯ ಅಭ್ಯಾಸವೂ ಬೇಡ. ಅರ್ಧ ದಿನದ ಮಿರುಗು, ಆಮೇಲೆ ಧೂಳಿಗೆ ಆಮಂತ್ರಣ, ರಬ್ಬರ್ ಬೀಡಿಂಗಿಗೆ ಕೇಡು. ಬೋರ್‌ವೆಲ್ ನೀರಿನಲ್ಲಿ ತೊಳೆಯುವವರು ನೀರು ತಾನಾಗಿ ಆರಲು ಬಿಡಬಾರದು. ಹನಿ ಆರಿದಲ್ಲೆಲ್ಲ ಸುಣ್ಣದ ಉಂಗುರ ಉಳಿಯುತ್ತದೆ, ಬಿಸಿಲಿಗೆ ಅದು ಗಟ್ಟಿಯಾಗಿ ಕೂತರೆ ತೆಗೆಯುವುದು ಕಷ್ಟ.

ತೊಳೆದು ಒರೆಸಿದ ಮೇಲೆ ಅಂಗೈಗೆ ತೆಳು ಪ್ಲಾಸ್ಟಿಕ್ ಚೀಲ ತೊಟ್ಟು ಬಾನೆಟ್ಟಿನ ಮೇಲೆ ಹಗುರವಾಗಿ ಸವರಿ ನೋಡಿ. ಬರಿಗೈಗೆ ನುಣ್ಣಗೆ ಎನಿಸಿದ್ದು ಚೀಲದೊಳಗಿನಿಂದ ರವೆರವೆಯಾಗಿ ತಿಳಿಯುತ್ತದೆ. ಬ್ರೇಕಿನ ಪುಡಿ, ಮರದ ಅಂಟು, ಟಾರಿನ ಚುಕ್ಕಿ ಎಲ್ಲ ಅಲ್ಲಿವೆ. ಹೊಂಗೆಯ ಕೆಳಗೆ ಗಾಡಿ ನಿಲ್ಲಿಸುವವರಿಗೆ ಆ ಜಿಗುಟಿನ ಪರಿಚಯ ಚೆನ್ನಾಗಿರುತ್ತದೆ. ಇದಕ್ಕೆ ಕ್ಲೇ ಬಾರ್ ಎಂಬ ಜೇಡಿಯಂಥ ಮುದ್ದೆ ಸಿಗುತ್ತದೆ. ಬಣ್ಣವನ್ನು ಶಾಂಪೂ ನೀರಿನಿಂದ ಚೆನ್ನಾಗಿ ಒದ್ದೆಮಾಡಿ, ಒತ್ತದೆ, ಜಾರಿಸಿದರೆ ಸಾಕು. ಮುದ್ದೆ ಕೈಜಾರಿ ನೆಲಕ್ಕೆ ಬಿದ್ದರೆ ಅದನ್ನು ಎಸೆಯಿರಿ. ನೆಲದ ಮರಳನ್ನು ಮತ್ತೆ ಕಾರಿಗೆ ಉಜ್ಜುವುದಕ್ಕಿಂತ ಹೊಸದು ಕೊಳ್ಳುವುದು ಅಗ್ಗ.

ಈಗ ಗ್ಲೇಜ್. ನೆರಳು ಬೇಕು, ಲೋಹ ತಣ್ಣಗಿರಬೇಕು. ಹಿಂಗೈ ಇಟ್ಟು ನೋಡಿ. ಬೆಳಿಗ್ಗೆ ಬೇಗ ಅಥವಾ ಬಿಸಿಲಿಳಿದ ಮೇಲೆ ಒಳ್ಳೆಯದು. ಕಪ್ಪು ಪ್ಲಾಸ್ಟಿಕ್ ಭಾಗಗಳ ಅಂಚಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಇಲ್ಲದಿದ್ದರೆ ಅಲ್ಲಿ ಕೂತ ಬಿಳಿ ಪುಡಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಕೆದಕುತ್ತಾ ಒಂದು ಸಂಜೆ ಕಳೆಯಬೇಕಾಗುತ್ತದೆ. ಮೆತ್ತನೆಯ ಸ್ಪಂಜಿನ ಪ್ಯಾಡಿಗೆ ನಾಲ್ಕೈದು ತೊಟ್ಟು ಹಾಕಿ, ಅರ್ಧ ಬಾನೆಟ್ಟಿನಷ್ಟು ಜಾಗಕ್ಕೆ ಮಾತ್ರ ಹರಡಿ. ಹೆಚ್ಚು ಹಾಕಿದರೆ ಹೆಚ್ಚು ಹೊಳಪು ಎಂಬ ಲೆಕ್ಕ ಇಲ್ಲಿ ನಡೆಯದು. ಹಳ್ಳ ತುಂಬುವಷ್ಟೇ ಉಳಿಯುವುದು, ಮಿಕ್ಕಿದ್ದೆಲ್ಲ ಒರೆಸುವ ಬಟ್ಟೆಯ ಪಾಲು. ಒತ್ತಡ ಬೇಡ, ತಾಳ್ಮೆ ಬೇಕು. ಒಂದೇ ಜಾಗದಲ್ಲಿ ಅಡ್ಡಡ್ಡ, ಉದ್ದುದ್ದ ನಾಲ್ಕಾರು ಸಲ ಸಾವಕಾಶವಾಗಿ ಸವರಿದರೆ ಗ್ಲೇಜ್ ಗೀರಿನೊಳಕ್ಕೆ ಇಳಿಯುತ್ತದೆ. ತಿಳಿ ಮಂಜಿನಂಥ ಪೊರೆ ಕಟ್ಟುವವರೆಗೆ ಬಿಡಿ. ಎಷ್ಟು ನಿಮಿಷ ಎಂಬುದು ಬಾಟಲಿಯ ಮೇಲೆ ಇರುತ್ತದೆ. ಬೆರಳ ತುದಿಯಲ್ಲಿ ಒಂದು ಗೆರೆ ಎಳೆದಾಗ ಪೊರೆ ಮೆತ್ತಿಕೊಳ್ಳದೆ ಸ್ವಚ್ಛವಾಗಿ ಬಿಟ್ಟರೆ ಹೊತ್ತಾಯಿತು ಎಂದು ತಿಳಿಯಿರಿ. ಒರೆಸಲು ಮೈಕ್ರೋಫೈಬರ್ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿಕೊಳ್ಳಿ, ಎಂಟು ಮುಖ ಸಿಗುತ್ತದೆ. ಒಂದು ಮುಖ ಮೆತ್ತಿಕೊಂಡ ಕೂಡಲೇ ಇನ್ನೊಂದಕ್ಕೆ ತಿರುಗಿ. ಬಟ್ಟೆಯ ಅಂಚಿನ ಹೊಲಿಗೆ, ಅದರಲ್ಲಿರುವ ಕಂಪನಿಯ ಚೀಟಿ ಎರಡೂ ಗೀರು ಹಾಕುತ್ತವೆ, ಚೀಟಿಯನ್ನು ಮೊದಲೇ ಕತ್ತರಿಸಿ ತೆಗೆಯಿರಿ.

ಮೇಲೆ ವ್ಯಾಕ್ಸ್ ಹಾಕದೆ ಬಿಟ್ಟರೆ ಈ ಶ್ರಮವೆಲ್ಲ ನೀರುಪಾಲು. ಗ್ಲೇಜಿಗೆ ರಕ್ಷಣೆಯ ಗುಣ ಇಲ್ಲವೆಂದೇ ತಿಳಿಯಿರಿ. ದಸರಾ ಹೊತ್ತಿನ ಮಳೆ ನಿಮಗೆ ಗೊತ್ತೇ ಇದೆ. ಜಂಬೂಸವಾರಿಯೇ ಎಷ್ಟೋ ಸಲ ತೊಯ್ದುಕೊಂಡು ಬನ್ನಿಮಂಟಪ ಸೇರಿದೆ. ಆದ್ದರಿಂದ ಗ್ಲೇಜಿನ ಮೇಲೆ ತೆಳುವಾಗಿ ಕಾರ್ನೌಬಾ ವ್ಯಾಕ್ಸ್. ಇದು ಬ್ರೆಜಿಲಿನ ಒಂದು ತಾಳೆಯ ಎಲೆಯ ಮೇಣ, 80 ಡಿಗ್ರಿ ದಾಟಿದ ಮೇಲೆ ಕರಗುವ ಗಟ್ಟಿ ಮೇಣ. ಇದು ಎಣ್ಣೆಯ ಮೇಲೂ ಹೊಂದಿಕೊಂಡು ಕೂರುತ್ತದೆ. ಕೆಲವು ಸೀಲೆಂಟುಗಳು ಹಾಗೆ ಕೂರುವುದಿಲ್ಲ. ಸಿರಾಮಿಕ್ ಕೋಟಿಂಗ್ ಅಂತೂ ಬರಿಯ ಕ್ಲಿಯರ್ ಕೋಟಿಗೇ ಹತ್ತಬೇಕು. ನಡುವೆ ಗ್ಲೇಜಿನ ಎಣ್ಣೆ ಇದ್ದರೆ ಸಾವಿರಾರು ರೂಪಾಯಿಯ ಕೋಟಿಂಗ್ ಕೆಲವೇ ದಿನಗಳಲ್ಲಿ ಬಿಟ್ಟುಬರುತ್ತದೆ. ಈಗಾಗಲೇ ಸಿರಾಮಿಕ್ ಹಾಕಿಸಿದವರಿಗೆ ಗ್ಲೇಜಿನ ಅಗತ್ಯವೂ ಇಲ್ಲ.

ಕೈಕೆಲಸ ಸರಿಯಾಯಿತೇ ಎಂದು ಪರೀಕ್ಷಿಸಲು ಮೈಸೂರಿನವರಿಗೆ ವರ್ಷಕ್ಕೊಮ್ಮೆ ಒಂದು ಸೌಲಭ್ಯವಿದೆ. ದಸರಾ ದೀಪಾಲಂಕಾರ! ಅರಮನೆಯೊಂದಕ್ಕೇ ಲಕ್ಷದ ಹತ್ತಿರ ಬಲ್ಬು, ರಸ್ತೆಗಳ ಉದ್ದಕ್ಕೂ ಇನ್ನೆಷ್ಟೋ. ಬಿಡಿಬಿಡಿ ಬಲ್ಬಿನ ಬೆಳಕಿನಷ್ಟು ಕ್ರೂರವಾಗಿ ಗೀರು ತೋರಿಸುವುದು ಇನ್ನೊಂದಿಲ್ಲ. ಸಯ್ಯಾಜಿರಾವ್ ರಸ್ತೆಯಲ್ಲಿ ನಿಧಾನವಾಗಿ ಸಾಗುವಾಗ ನಿಮ್ಮ ಬಾನೆಟ್ಟಿನ ಮೇಲೆ ಒಂದೊಂದು ಬಲ್ಬೂ ಚುಕ್ಕಿಯಾಗಿಯೇ ಜಾರಿದರೆ ಕೆಲಸ ಗೆದ್ದಿತು. ಚುಕ್ಕಿಯ ಸುತ್ತ ಬಲೆ ಹೆಣೆದುಕೊಂಡರೆ ಆ ಭಾಗಕ್ಕೆ ಗ್ಲೇಜ್ ಸರಿಯಾಗಿ ಇಳಿದಿಲ್ಲ.

ಕೊನೆಯದಾಗಿ ಆಯುಧಪೂಜೆಯ ದಿನದ ವಿಷಯ. ಪಾಂಡವರು ಅಜ್ಞಾತವಾಸಕ್ಕೆ ಹೋಗುವಾಗ ಆಯುಧಗಳನ್ನು ಬನ್ನಿಮರದಲ್ಲಿ ಬಚ್ಚಿಟ್ಟರು, ವರ್ಷ ಕಳೆದು ತೆಗೆದರು ಎಂಬ ಕಥೆ ನಮ್ಮ ಬಡಾವಣೆಯ ಹೆಸರಿನಲ್ಲೇ ಇದೆ. ಅವರ ಆಯುಧಕ್ಕೆ ಕ್ಲಿಯರ್ ಕೋಟ್ ಇರಲಿಲ್ಲ, ನಮ್ಮದಕ್ಕಿದೆ. ಒದ್ದೆ ಕುಂಕುಮವನ್ನು ಬಾನೆಟ್ಟಿಗೆ ನೇರವಾಗಿ ಬಳಿದು ಮೂರು ದಿನ ಬಿಸಿಲಲ್ಲಿ ಬಿಟ್ಟರೆ ಬಿಳಿ ಕಾರಿನಲ್ಲಿ ಗುಲಾಬಿ ಕಲೆ ಉಳಿಯುತ್ತದೆ, ಅದರಲ್ಲೂ ಕೃತಕ ಬಣ್ಣದ ಕುಂಕುಮವಾದರೆ. ಗಂಧ ಕುಂಕುಮವನ್ನು ಮುಂದಿನ ಗಾಜಿಗೆ, ನಂಬರ್ ಪ್ಲೇಟಿಗೆ ಇಡಿ, ದೇವರು ಬೇಸರಪಟ್ಟುಕೊಳ್ಳುವುದಿಲ್ಲ. ಸೇವಂತಿಗೆ ಹಾರವನ್ನು ತಂತಿಯಲ್ಲಿ ಬಿಗಿಯದೆ ದಾರದಲ್ಲಿ ಕಟ್ಟಿ. ಬಾಳೆಕಂದನ್ನು ಬಂಪರಿಗೆ ಕಟ್ಟುವಾಗ ಕತ್ತರಿಸಿದ ತುದಿಗೆ ಪ್ಲಾಸ್ಟಿಕ್ ಸುತ್ತಿ. ಬಾಳೆಯ ಕಲೆ ಅಂಗಿಗೆ ಬಿದ್ದರೆ ಹೋಗದೆಂಬುದು ಎಲ್ಲರಿಗೂ ಗೊತ್ತು, ಬಂಪರಿಗೆ ಬಿದ್ದರೂ ಸುಲಭವಾಗಿ ಹೋಗದು. ಕುಂಕುಮ ತುಂಬಿದ ಬೂದುಗುಂಬಳವನ್ನು ಕಾರಿನಿಂದ ಹತ್ತು ಹೆಜ್ಜೆ ಆಚೆ ಒಡೆಯಿರಿ, ಒಡೆದ ಹೋಳನ್ನು ರಸ್ತೆಯಿಂದ ಎತ್ತಿಹಾಕಿ. ಹಿಂದೆ ಬರುವ ಬೈಕಿನವರು ಜಾರಿ ಬೀಳುವುದು ಬೇಡ. ಸಂಜೆಯೇ ಅಥವಾ ತಡವೆಂದರೆ ಮಾರನೆಯ ಬೆಳಿಗ್ಗೆ, ಒಣಬಟ್ಟೆ ಮುಟ್ಟಿಸದೆ, ಮೊದಲು ಧಾರಾಳವಾಗಿ ನೀರು ಸುರಿಯಿರಿ. ಕೆಳಗೆ ವ್ಯಾಕ್ಸ್ ಇದ್ದರೆ ಅರಿಶಿನ ಕುಂಕುಮ ನೀರಿನ ಜೊತೆಗೇ ಇಳಿದುಹೋಗುತ್ತವೆ. ಇಳಿಯದೆ ಉಳಿದ ಕಡೆ ಶಾಂಪೂ ನೀರಿನಲ್ಲಿ ನೆನೆಸಿದ ಬಟ್ಟೆಯನ್ನು ಐದು ನಿಮಿಷ ಹಾಸಿ, ಆಮೇಲೆ ಮೆಲ್ಲಗೆ ಎತ್ತಿ. ಆ ಕೆಲಸವನ್ನು ಬೇಗ ಮುಗಿಸಿಕೊಳ್ಳಿ, ಮಾರನೆಯ ಮಧ್ಯಾಹ್ನದ ಹೊತ್ತಿಗೆ ಜಂಬೂಸವಾರಿಗೆಂದು ಹೈವೇ ವೃತ್ತದ ಕಡೆ ಬ್ಯಾರಿಕೇಡ್ ಬಿದ್ದರೆ ಗಾಡಿ ಅಲುಗಿಸಲು ಆಗುವುದಿಲ್ಲ.